ಸೊಟ್ಟ ಕತ್ತಿಯೂ ಹಿತ್ತಿಲ ಕಲ್ಲೂ

ಈ ಭೂಮಿಯ ಮೇಲೆ ನಾನು ನೆಟ್ಟಗೆ ಮಾಡಲಾರದ ಸೊಟ್ಟ ವಸ್ತು ಇನ್ನೂ ಹುಟ್ಟಿಲ್ಲ! ಹೀಗಂತ ನಾನೇ ಹೇಳಿಕೊಂಡು ಓಡಾಡುತ್ತಿದ್ದ ಕಾಲವೊಂದಿತ್ತು. ಬಹಳ ಹಳೆಯ ಕಾಲವೇನಲ್ಲ, ಹೋದ ತಿಂಗಳಿನ ಮಾತು. ಮುರುಟಿದ ಛತ್ರಿ ಕಡ್ಡಿ, ನೆಗ್ಗಿದ ತಂಬಿಗೆ, ಮುಚ್ಚಿದರೆ ಮುಚ್ಚಿಕೊಳ್ಳದ ಗೇಟು, ಎಲ್ಲವೂ ನನ್ನ ಕೈಯಲ್ಲಿ ಬುದ್ಧಿ ಕಲಿತಿವೆ. ನಮ್ಮ ಯಜಮಾನರು ಪಿಳ್ಳಪ್ಪನವರನ್ನೂ ಮುಕ್ಕಾಲು ಪಾಲು ನೆಟ್ಟಗೆ ಮಾಡಿ ನಿಲ್ಲಿಸಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಅದರಿಂದೇನು? ಕಿವಿ ಇದೆ. ಕಸುಬುದಾರರ ಪಕ್ಕ ಬಾಯಿಮುಚ್ಚಿಕೊಂಡು ಕೂತರೆ ಅರ್ಧ ಕಸುಬು ಬಂದ ಹಾಗೆ. ಇನ್ನರ್ಧಕ್ಕೆ ತಾಳ್ಮೆ ಬೇಕು. ಪಿಳ್ಳಪ್ಪನವರ ಜೊತೆ ಸಂಸಾರ ಮಾಡಿದವಳಿಗೆ ತಾಳ್ಮೆ ಇಲ್ಲದೆ ಇನ್ಯಾರಿಗಿರುತ್ತದೆ?

ಹೀಗಿರುವಾಗ ಮೊಮ್ಮಗ ಲೋಚನನ ಮುಡಿ ತೆಗೆಸುವ ಮಾತು ಬಂತು. ಮಗುವಿಗೆ ಹನ್ನೊಂದನೇ ತಿಂಗಳು ನಡೆಯುತ್ತಿತ್ತು. ಅದು ದಾಟಿದರೆ ಇನ್ನು ಮೂರನೇ ವರ್ಷಕ್ಕೇ. ನಮ್ಮ ಮನೆತನದಲ್ಲಿ ಒಂದು ಕಟ್ಟುಪಾಡಿದೆ: ಮಗುವಿನ ಮೊದಲ ಕೂದಲಿಗೆ ಮನೆಯ ಕತ್ತಿಯೇ ಸೋಕಬೇಕು, ಅಂಗಡಿಯ ಬ್ಲೇಡಲ್ಲ. ದೊಡ್ಡನೆಕ್ಕುಂದಿಯಲ್ಲಿ ನಮ್ಮ ಮಾವ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಆಕಾಶ ಮುಟ್ಟುವ ಬಿಲ್ಡಿಂಗು ನಿಂತಿದೆ. ಹೊಲ ಹೋಯಿತು, ಬಾವಿ ಹೋಯಿತು, ಆ ಕಟ್ಟುಪಾಡು ಮಾತ್ರ ಉಳಿದಿತ್ತು.

ಕತ್ತಿ ನಮ್ಮ ಮಾವನದೇ. ಕೋಣನ ಕೊಂಬಿನ ಹಿಡಿಯೊಳಕ್ಕೆ ಮಡಚಿಕೊಳ್ಳುವಂಥದ್ದು. ನನ್ನ ಮಗ ಸುನಿಲನ ಮುಡಿ ಅದರಲ್ಲೇ ಆಗಿತ್ತು. ಅದು ಹುಟ್ಟಿನಿಂದಲೇ ಸ್ವಲ್ಪ ಸೊಟ್ಟ. ಅದನ್ನು ಮಸೆದು ಹದಕ್ಕೆ ತರುವ ಗುಟ್ಟು ಮಾವನಿಗೊಬ್ಬರಿಗೇ ಗೊತ್ತಿತ್ತು. ಅವರು ಆ ಗುಟ್ಟನ್ನು ತಮ್ಮ ಜೊತೆಗೇ ಕರೆದುಕೊಂಡು ಹೊರಟುಹೋದರು.

ಟ್ರಂಕಿನ ತಳದಿಂದ ಕತ್ತಿ ತೆಗೆದ ದಿನ ನನ್ನ ನಾದಿನಿ ಅಮೃತಮ್ಮ ಕೆ.ಆರ್. ಪುರದಿಂದ ಬಂದು ಕೂತಿದ್ದಳು.

"ಅತ್ತಿಗೆ, ಇದು ಕತ್ತಿನಾ, ಕುಡುಗೋಲಾ?" ಎಂದಳು. "ನಮ್ಮಪ್ಪ ಇದನ್ನ ಕನ್ನಡಿ ಇಟ್ಕೊಂಡಂಗೆ ಇಟ್ಕೊಂಡಿದ್ರು. ನಿಮ್ಮ ಕೈಗೆ ಬಂದು ಹಿಂಗಾಯ್ತು ನೋಡಿ!"

ಸೊಸೆ ಮೋನಿಷಾ ಮಗುವನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. "ಅತ್ತೆ, ಪ್ಲೀಸ್. ಅದನ್ನ ನೋಡಿದ್ರೇನೇ ನಂಗೆ ಟಿಟಿ ಇಂಜೆಕ್ಷನ್ ಬೇಕು ಅನ್ಸುತ್ತೆ. ಇಂದಿರಾನಗರದಲ್ಲಿ ಮಕ್ಕಳಿಗೇ ಅಂತ ಸಲೂನ್ ಇದೆ. ಕಾರ್ ಥರ ಸೀಟು, ಮುಂದೆ ಕಾರ್ಟೂನು."

"ಕಾರಲ್ಲಿ ಕೂತ್ಕೊಂಡು ಮುಡಿ ಕೊಡೋದಾ? ಹಿರಿಯರು ಏನಂದ್ಕೋತಾರೆ?" ಎಂದೆ.

"ಸರಿ ಅತ್ತೆ. ಒಂದು ಕೂದಲೂ ಎಳೀದೆ ಇದು ಕತ್ತರಿಸಿದ್ರೆ ನಾನು ಒಪ್ತೀನಿ. ಇಲ್ಲಾಂದ್ರೆ ಸಲೂನ್."

"ಆಗಲ್ಲ ಬಿಡು ಮೋನಿಷಾ, ನಿಮ್ಮತ್ತೆಗೆ ಈಳಿಗೆಮಣೆನೇ ಸರಿಯಾಗಿ ಮಸಿಯೋಕೆ ಬರಲ್ಲ," ಎಂದಳು ಅಮೃತಮ್ಮ.

ಅಷ್ಟು ಸಾಕಾಯಿತು! "ಇದರ ಬಾಯನ್ನ ಈ ತುದಿಯಿಂದ ಆ ತುದಿವರೆಗೆ ಒಂದೇ ಸಮಕ್ಕೆ ತರದೇ ಹೋದ್ರೆ ನನ್ನ ಹೆಸರು ಮುನಿಶಾಮಮ್ಮನೇ ಅಲ್ಲ!" ಎಂದು ನಡುಮನೆಯಲ್ಲಿ ಶಪಥ ಮಾಡಿದೆ.

ಮರುದಿನ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದೆ. ಅಲ್ಲಿ ಸಾಣೆ ಹಿಡಿಯುವ ಮಂಜೂರ್ ಅಂತ ಒಬ್ಬ ಇದ್ದಾನೆ. ನನ್ನ ಕತ್ತರಿ, ಚಾಕು ಎಲ್ಲ ಅವನ ಚಕ್ರದ ಮೇಲೆ ಕಿಡಿ ಹಾರಿಸಿದವೇ. ಅವನು ಒಂದು ಕಣ್ಣು ಮುಚ್ಚಿ ಕತ್ತಿಯನ್ನು ಬೆಳಕಿಗೆ ಹಿಡಿದ.

"ಅರೇ ಅಮ್ಮಾ, ಯೇ ತೋ ಟೇಢಾ ಹೈ! ಸೊಟ್ಟ ಐತೆ. ಚಕ್ರಕ್ಕೆ ಕೊಟ್ರೆ ಬಿಸಿಯಾಗಿ ಅಲಗು ಸತ್ತೋಗ್ತದೆ. ಅಗಲ ಕಲ್ಲಿಗೆ ಕೊಟ್ರೆ ಒಂದು ಕಡೆ ಊಟ, ಒಂದು ಕಡೆ ಉಪವಾಸ."

"ಮತ್ತೆ ಏನಪ್ಪಾ ಮಾಡೋದು?"

"ಸಣ್ಣ ಕಲ್ಲು ಬೇಕಮ್ಮಾ. ಬೆರಳಷ್ಟು ಅಗಲ, ಬೆನ್ನು ಸ್ವಲ್ಪ ಉಬ್ಬು. ಅಲಗನ್ನ ಬುಡದಿಂದ ತುದಿಗೆ ಓರೆಯಾಗಿ ಎಳೀತಾ ಹೋಗ್ಬೇಕು. ಕಲ್ಲಿನ ಮೇಲೆ ಬರೋ ಕೆಸರು ತೊಳೀಬೇಡಿ, ಕೆಲ್ಸ ಮಾಡೋದೇ ಅದು. ಒದ್ದೆ ಬಟ್ಟೆ ಮುಚ್ಚಿಡಿ. ಆದ್ರೆ ಅಂಥ ಕಲ್ಲು ಈಗ ಎಲ್ಲಿ ಸಿಗ್ತದೆ?" ಎಂದು ಅವನು ನಕ್ಕ. "ಖಬರಸ್ತಾನದಾಗೆ, ಗೋರಿಗಳ ಮಧ್ಯೆ ಹುಡುಕ್ಬೇಕು!"

ನಾನೂ ನಕ್ಕೆ. ನಗಬಾರದಿತ್ತು.

ಮನೆಗೆ ಬಂದವಳು, ಕತ್ತಿಯನ್ನು ಶಿವಾಜಿನಗರದಲ್ಲಿ ಸಾಣೆಗೆ ಕೊಟ್ಟು ಬಂದೆ ಎಂದು ಸುಳ್ಳು ಹೇಳಿದೆ. ನಾನೇ ಮಸೆಯುತ್ತೇನೆ ಅಂದರೆ ಪಿಳ್ಳಪ್ಪನವರು ಬಿಡುತ್ತಿರಲಿಲ್ಲ. ಜೊತೆಗೆ ಕೊನೆಯ ದಿನ ಫಳಫಳ ಹೊಳೆಯುವ ಕತ್ತಿಯನ್ನು ಅಮೃತಮ್ಮನ ಮೂಗಿನ ಕೆಳಗೆ ಹಿಡಿಯುವ ಆಸೆ ಬೇರೆ! ಯಜಮಾನರು ಊಟ ಮುಗಿಸಿ ಗೊರಕೆ ಶುರು ಮಾಡಿದ ಮೇಲೆ ನನ್ನ ರಹಸ್ಯ ಕಾರ್ಯಾಚರಣೆ.

ಮೊದಲು ಕಡಪ ಕಲ್ಲಿನ ಚೂರಿನ ಮೇಲೆ ಪರೀಕ್ಷೆ ಮಾಡಿದೆ. ಕತ್ತಿಯ ಬಾಯಿಗೆ ಉದ್ದಕ್ಕೂ ಕಣ್ಣಿನ ಕಾಡಿಗೆ ಹಚ್ಚಿದೆ, ಮದುವೆ ಹೆಣ್ಣಿಗೆ ಹಚ್ಚುವಷ್ಟು ನಾಜೂಕಾಗಿ. ಕಲ್ಲಿನ ಮೇಲೆ ಒಂದೆಳೆ ಎಳೆದು ನೋಡಿದರೆ ತುದಿಯ ಕಾಡಿಗೆ ಹೋಗಿದೆ, ಬುಡದ ಕಾಡಿಗೆ ಹೋಗಿದೆ, ನಡುವಿನದು ಇದ್ದ ಹಾಗೇ ಇದೆ! ಮಗುಚಿ ಎಳೆದರೆ ನಡುವಿನದು ಮಾತ್ರ ಮಾಯ, ಎರಡು ತುದಿಯಲ್ಲೂ ಕಪ್ಪು. ಒಂದು ಕೆನ್ನೆಯಲ್ಲಿ ಅಳು, ಇನ್ನೊಂದು ಕೆನ್ನೆಯಲ್ಲಿ ನಗು. ಮಂಜೂರ್ ಹೇಳಿದ್ದು ನಿಜ.

ಸಣ್ಣ ಕಲ್ಲು ಹುಡುಕುತ್ತಾ ಹಿತ್ತಿಲಿಗೆ ಹೋದೆ.

ನಮ್ಮ ಹಿತ್ತಿಲು ಅಂದರೆ ನಾಲ್ಕು ಸೀರೆ ಒಣಹಾಕುವಷ್ಟು ಜಾಗ. ಸುತ್ತ ಮೂರು ಕಡೆಯೂ ಪೇಯಿಂಗ್ ಗೆಸ್ಟ್ ಬಿಲ್ಡಿಂಗುಗಳು. ಬಿಸಿಲು ಅಲ್ಲಿಗೆ ನೆಂಟರ ಹಾಗೆ ಬರುತ್ತದೆ: ಊಟದ ಹೊತ್ತಿಗೆ ಬಂದು ಕೈ ತೊಳೆದುಕೊಂಡು ಹೊರಟುಬಿಡುತ್ತದೆ. ಆಮೇಲೆ ಒಂದು ಥರದ ಬೂದು ಬೆಳಕು. ಗೋಡೆಗಳ ಮೇಲಿಂದ ಎಲ್ಲಿಯದೋ ನೀರು ತೊಟ್ಟಿಕ್ಕುತ್ತಿರುತ್ತದೆ. ನೂರು ಕಿಟಕಿಗಳಿವೆ, ಒಂದರಲ್ಲೂ ಮುಖವಿಲ್ಲ. ನೀಲಿ ಡ್ರಮ್ಮಿನ ಹಿಂದೆ ಯಾರೂ ಹೋಗುವುದಿಲ್ಲ. ಅವತ್ತು ನಾನು ಹೋದೆ. ಅಲ್ಲಿ ಕಳೆ ಸರಿಸಿದರೆ ಅರ್ಧ ನೆಲದಲ್ಲಿ ಹೂತುಕೊಂಡು, ಸ್ವಲ್ಪ ವಾಲಿಕೊಂಡು, ಕರ್ರಗೆ ಒಂದು ಕಲ್ಲು. ನುಣುಪು ಅಂದರೆ ಮಗುವಿನ ಮೊಣಕಾಲಿನ ನುಣುಪು. ಬೆರಳಷ್ಟು ಅಗಲ. ಬೆನ್ನು ಸ್ವಲ್ಪ ಉಬ್ಬು.

ಯಾರೋ ನನಗಾಗಿಯೇ ನೆಟ್ಟು ಹೋದ ಹಾಗಿತ್ತು!

ಮಣೆ ಹಾಕಿಕೊಂಡು ಕೂತೆ. ನೀರು ಚಿಮುಕಿಸಿ ಅಲಗನ್ನು ಕಲ್ಲಿಗೆ ಮುಟ್ಟಿಸಿ ಬುಡದಿಂದ ತುದಿಗೆ ಓರೆಯಾಗಿ ಎಳೆದೆ. ಕಚ್ಚಿಕೊಂಡಿತು. ಎಷ್ಟು ಚೆನ್ನಾಗಿ ಕಚ್ಚಿಕೊಂಡಿತೆಂದರೆ, ಕತ್ತಿಯೂ ಕಲ್ಲೂ ಹಳೇ ಪರಿಚಯಸ್ಥರ ಹಾಗೆ ಮಾತಿಗೆ ಕೂತವು. ಸರ್‌ರ್... ಅನ್ನುವುದು ಕತ್ತಿಯ ಸದ್ದು. ತುದಿ ಕಲ್ಲನ್ನು ಬಿಡುವಾಗ ಕೊನೆಯಲ್ಲಿ ಇನ್ನೊಂದು ಸದ್ದು ಬರುತ್ತಿತ್ತು. ಅದು ಕತ್ತಿಯದಾಗಿರಲಿಲ್ಲ. ಗಂಟಲಿನ ಸದ್ದು.

"ಹ್ಞೂಂ."

ನನ್ನ ಕೈ ನಿಂತಿತು. ನಮ್ಮ ಮಾವ ಹೆಚ್ಚು ಮಾತಾಡುವವರಲ್ಲ. ಊಟ ಬಡಿಸಲಾ ಅಂದರೆ ಹ್ಞೂಂ, ಮಳೆ ಬಂತು ಅಂದರೆ ಹ್ಞೂಂ, ನನ್ನನ್ನು ಹೆಣ್ಣು ನೋಡಲು ಬಂದಾಗ ಒಪ್ಪಿಗೆಯೂ ಅದೇ ಹ್ಞೂಂ. ನಿಧಾನಕ್ಕೆ ಇನ್ನೊಮ್ಮೆ ಎಳೆದೆ. ಸರ್‌ರ್... ಹ್ಞೂಂ. ಕಲ್ಲಿನ ಮೇಲೆ ಬೂದು ಬಣ್ಣದ ಕೆಸರು ಬಂದು ಎರಡು ಕಡೆಗೂ ಇಳಿಯಿತು. ಒದ್ದೆ ಮಾಡಿದ ಬಿಳೀ ಪಂಚೆಯ ತುಂಡನ್ನು ಅದಕ್ಕೆ ಹೊದಿಸಿ, ಹಿಂದಿರುಗಿ ನೋಡದೆ ಒಳಗೆ ಬಂದೆ. ಹೆದರಿಕೆಯಿಂದಲ್ಲ! ಒಲೆಯ ಮೇಲೆ ಹಾಲಿತ್ತು.

ಮರುದಿನ ಮಧ್ಯಾಹ್ನ ಬಟ್ಟೆ ತೆಗೆದರೆ ಕಲ್ಲಿನ ನೆತ್ತಿಯ ಮೇಲೆ ಕುಂಕುಮ. ದುಂಡಗೆ, ಅಚ್ಚುಕಟ್ಟಾಗಿ.

"ಮೋನಿಷಾ, ಹಿತ್ತಿಲಲ್ಲಿ ಪೂಜೆ ಗೀಜೆ ಏನಾದ್ರೂ ಮಾಡಿದ್ಯೇನಮ್ಮಾ?"

"ನಾನಾ? ಆಫೀಸ್ ಕಾಲ್ ಮಧ್ಯ ದೇವರಮನೆ ದೀಪ ಹಚ್ಚೋದೇ ಕಷ್ಟ. ಹಿತ್ತಿಲಲ್ಲಿ ಯಾರಿದ್ದಾರೆ ಅತ್ತೆ?"

"ಯಾರೂ ಇಲ್ಲ," ಎಂದೆ. ಹೇಳುವಾಗ ನನ್ನ ದನಿ ನನಗೇ ಸರಿಕಾಣಲಿಲ್ಲ.

ಯಜಮಾನರನ್ನು ಕೇಳೋಣವೆಂದರೆ ಕತ್ತಿಯ ವಿಷಯ ಹೊರಬೀಳುತ್ತದೆ. ಕುಂಕುಮ ಒರೆಸಿ ಮಸೆದೆ. ಅದರ ಮರುದಿನ ಕಲ್ಲಿಗೆ ಕಾಕಡ ಹೂವು ಬಂತು, ಒಂದು ವೀಳ್ಯದೆಲೆಯೂ ಬಂತು. ಇನ್ನೊಂದು ಬೆಳಗ್ಗೆ ಹಾಲಿಗೆ ಹೊರಟವಳು ಚೀಲ ಮರೆತು ಅರ್ಧ ದಾರಿಯಿಂದ ವಾಪಸ್ ಬಂದು, ಗೇಟು ಕಿರುಗುಟ್ಟಿಸಿ, ನೇರ ಹಿತ್ತಿಲಿಗೆ ಹೋಗಿ ಇಣುಕಿದೆ. ಯಾರೂ ಇರಲಿಲ್ಲ. ಕಲ್ಲಿನ ಬುಡದಲ್ಲಿ ಒಂದು ಬೀಡಿ. ಅದರ ತುದಿ ಕೆಂಪಗೆ ಉರಿಯುತ್ತಿತ್ತು. ಗಾಳಿಯೇ ಇಲ್ಲದ ಜಾಗದಲ್ಲಿ ಹೊಗೆ ನೂಲಿನ ಹಾಗೆ ನೆಟ್ಟಗೆ ಮೇಲೇಳುತ್ತಿತ್ತು. ನಾನು ನೋಡುತ್ತಿದ್ದ ಹಾಗೇ ಬೂದಿ ತಾನಾಗಿ ಉದುರಿತು, ಯಾರೋ ಒಂದು ದಮ್ಮು ಎಳೆದ ಹಾಗೆ.

ಮಾವ ಬೀಡಿ ಸೇದುತ್ತಿದ್ದರು. ಯಜಮಾನರು ಡಾಕ್ಟರು ಬೈದ ಮೇಲೆ ಅದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಆದರೂ ಅನುಮಾನದಿಂದ ರೂಮಿಗೆ ಓಡಿ ನೋಡಿದೆ. ಪಿಳ್ಳಪ್ಪನವರು ತಲೆತುಂಬ ಹೊದ್ದು ಗೊರಕೆ ಹೊಡೆಯುತ್ತಿದ್ದರು. ಗೊರಕೆ ಸ್ವಲ್ಪ ಜೋರಾಗಿಯೇ ಇತ್ತು. ಆಗ ಅದು ನನ್ನ ತಲೆಗೆ ಹೋಗಲಿಲ್ಲ.

ಅಷ್ಟರಲ್ಲಿ ಯಜಮಾನರೂ ಬಡವಾಗುತ್ತಾ ಬಂದರು. ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಕೇಳಿದರು: "ಲೇ ಇವಳೇ, ಕಲ್ಲು ಅಳ್ತದಾ?"

"ನಿಮ್ಮ ಜೊತೆ ಸಂಸಾರ ಮಾಡಿದ್ರೆ ಅಳ್ತದೆ."

"ತಮಾಷೆ ಅಲ್ಲ ಕಣೇ. ಸತ್ತೋರು ಬೆಲ್ಟ್ ತಗೊಂಡೋಗ್ತಾರಾ?"

ನನಗೆ ಕೆಮ್ಮು ಬಂತು. ಅವರ ಹಳೇ ಚರ್ಮದ ಬೆಲ್ಟು ಹಿತ್ತಿಲ ಕಿಟಕಿಯ ಸರಳಿಗೆ ತೂಗುತ್ತಿತ್ತು. ಮಸೆದ ಕತ್ತಿಯನ್ನು ಚರ್ಮದ ಮೇಲೆ ಹಿಂದೆ ಮುಂದೆ ಎಳೆದರೆ ಬಾಯಿ ನಯವಾಗುತ್ತದೆ. "ಸತ್ತೋರಿಗೆ ಪ್ಯಾಂಟೇ ಇಲ್ಲ, ಬೆಲ್ಟ್ ಯಾಕ್ರೀ?" ಎಂದು ಎದ್ದುಹೋದೆ.

ಕಾಡಿಗೆ ಹಚ್ಚಿ ನೋಡಿದರೆ ಈಗ ಎರಡು ಮಗ್ಗುಲಲ್ಲೂ ಬಹುಪಾಲು ಅಳಿಸುತ್ತಿತ್ತು. ನಡುವೆ ಜೀರಿಗೆಯಷ್ಟು ಜಾಗ ಮಾತ್ರ ಹಟ ಹಿಡಿದಿತ್ತು. ಗೆಲುವು ಹತ್ತಿರ! ಆದರೆ ಈಗ ಹಿತ್ತಿಲಿಗೆ ಹೋಗುವಾಗ ನಾಲ್ಕು ಸಲ ಹಿಂದೆ ತಿರುಗಿ ನೋಡುತ್ತಿದ್ದೆ. ಮಾವನೇ ಕತ್ತಿಗಾಗಿ ಬರುತ್ತಿದ್ದಾರೆ ಅನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಅದರಲ್ಲೂ ಭಾನುವಾರ ರಾತ್ರಿ ಊಟಕ್ಕೆ ನಾನು ಮಾಡಿದ್ದ ಬೋಟಿ ಗೊಜ್ಜು ಸೋಮವಾರ ಬಾಳೆ ಎಲೆಯ ಚೂರಿನಲ್ಲಿ ಕಲ್ಲಿನ ಮುಂದೆ ಕಂಡಾಗ ನನ್ನ ಕಾಲುಗಳೇ ನನ್ನನ್ನು ಕೇಳದೆ ಒಳಗೆ ಓಡಿಬಂದವು. ಸತ್ತವರಿಗೆ ಉಪ್ಪು ಖಾರ ಸರಿಹೋಗಿತ್ತೋ ಇಲ್ಲವೋ!

ಆದರೂ ಬಿಡುವವಳಲ್ಲ ನಾನು. ಸಮಾಧಾನ ಮಾಡೋಣವೆಂದು ಆ ಕಲ್ಲಿನ ಮೇಲೆ ಒಂದು ಲೋಟ ಹಾಲು ಸುರಿದೆ. ನಿಂಬೆಹಣ್ಣನ್ನು ಅದೇ ಕತ್ತಿಯಲ್ಲಿ ಸೀಳಿ (ಎಂಥ ಸೀಳು! ಬೀಜಗಳೂ ಎರಡು ಹೋಳು!) ಕುಂಕುಮ ತುಂಬಿ ಎರಡು ಪಕ್ಕಕ್ಕೂ ಇಟ್ಟೆ. "ಮಾವಾ, ಮುಡಿ ಮುಗಿಯೋವರೆಗೆ ತಡ್ಕೊಳ್ಳಿ. ಆಮೇಲೆ ನಿಮ್ಮ ಕತ್ತಿ ನಿಮಗೇ," ಎಂದು ಕೈಮುಗಿದೆ. ಬಟ್ಟೆ ಹೊದಿಸಿ ಬಂದೆ.

ಮರುದಿನ ಬೆಳಗ್ಗೆ ಹಾಲು ತಗೊಂಡು ಬರುವಷ್ಟರಲ್ಲಿ ಪಿಳ್ಳಪ್ಪನವರು ನಡುಮನೆಯಲ್ಲಿ ಮುಖ ಬಿಳಿಚಿಕೊಂಡು ನಿಂತಿದ್ದರು.

"ಮುಡಿ ಬೇಡ," ಎಂದರು.

"ಏನು?"

"ಈ ಮನೆಯಾಗೆ ಮುಡಿ ಬೇಡ! ಶುಕ್ರವಾರ ಯಾರೂ ಬರೋದು ಬೇಡ. ಮಗೀನ ಅದ್ಯಾವುದೋ ಕಾರಲ್ಲಿ ಕೂರಿಸಿ ಬೋಳಿಸ್ಕೊಂಡು ಬರ್ಲಿ. ಹಿರೀರಿಗೆ ಇಷ್ಟ ಇಲ್ಲ."

"ಯಾವ ಹಿರೀರು ಬಂದು ಹೇಳಿದ್ರು ನಿಮಗೆ?"

"ಹೇಳವ್ರೆ!" ಎಂದರು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೋನಿಷಾ ಮೊಬೈಲಿನಲ್ಲಿ ಸಲೂನಿನ ನಂಬರು ಹುಡುಕತೊಡಗಿದಳು. ನನಗೆ ಅಮೃತಮ್ಮನ ನಗು ಕೆ.ಆರ್. ಪುರದಿಂದಲೇ ಕೇಳಿಸಿತು. ಇಲ್ಲ! ಇವತ್ತು ಆ ಜೀರಿಗೆಯಷ್ಟು ಜಾಗವನ್ನೂ ಹದಕ್ಕೆ ತಂದು, ಕೂದಲು ಕತ್ತರಿಸಿ ತೋರಿಸಿ, ಎಲ್ಲರ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡೆ.

ಅವತ್ತು ಮೋಡ. ಮಧ್ಯಾಹ್ನಕ್ಕೇ ಹಿತ್ತಿಲಿಗೆ ಕತ್ತಲು ಕವಿದಂತಿತ್ತು. ನಾನು ತಲೆಗೆ ನೀರು ಹಾಕಿಕೊಂಡು ಕೂದಲು ಬಿಟ್ಟುಕೊಂಡಿದ್ದೆ, ಭುಜದ ಮೇಲೆ ಬಿಳೀ ಟವೆಲ್ಲು. ಕಾಡಿಗೆ ಹಚ್ಚಿ ಹಚ್ಚಿ ಬೆರಳೆಲ್ಲ ಕಪ್ಪು, ಬೆವರು ಒರೆಸಿದ ಹಣೆ, ಕೆನ್ನೆಯೂ ಕಪ್ಪು. ಕನ್ನಡಿ ನೋಡಿಕೊಂಡಿರಲಿಲ್ಲ, ಅದು ನನ್ನ ಪುಣ್ಯ. ಸರ್‌ರ್... ಹ್ಞೂಂ. ಸರ್‌ರ್... ಹ್ಞೂಂ. ನನ್ನದೇ ಒಂದು ಕೂದಲು ಕಿತ್ತು ಗಾಳಿಯಲ್ಲಿ ಹಿಡಿದು ಅದಕ್ಕೆ ಕತ್ತಿಯ ನಡುವನ್ನು ತಾಗಿಸಿದೆ. ಕೂದಲು ಸದ್ದಿಲ್ಲದೆ ಎರಡಾಗಿ ಕೆಳಗೆ ಬಿತ್ತು. ಬುಡ ತಾಗಿಸಿದೆ, ಎರಡಾಯಿತು. ತುದಿ ತಾಗಿಸಿದೆ, ಎರಡಾಯಿತು. ಸಮ! ಸರಿಸಮ!

ಸಂತೋಷಕ್ಕೆ ಜೋರಾಗಿ "ಹ್ಞೂಂ!" ಎಂದೆ.

ಹಿಂದೆ ಬೀಡಿಯ ವಾಸನೆ ಬಂತು.

ತಿರುಗಿದೆ. ಡ್ರಮ್ಮಿನ ಆಚೆ, ಆ ಬೂದು ಕತ್ತಲಲ್ಲಿ, ಒಂದು ಕೆಂಡದ ಚುಕ್ಕಿ ನನ್ನ ಕಡೆಗೇ ತೇಲಿಕೊಂಡು ಬರುತ್ತಿತ್ತು. ಅದರ ಹಿಂದೆ ತಲೆತುಂಬ ಟವೆಲ್ಲು ಹೊದ್ದ ಆಕಾರ. ಮಾವ ಹೊಲಕ್ಕೆ ಹೋಗುವಾಗ ಹೊದೆಯುತ್ತಿದ್ದ ಹಾಗೇ, ಅದೇ ಗೂನುಬೆನ್ನು, ಅದೇ ನಡಿಗೆ!

"ಮಾವಾ! ನಿಮ್ಮ ಕತ್ತಿ ನೀವೇ ತಗೊಳ್ಳಿ! ನನ್ನ ಬಿಟ್ಬಿಡಿ!" ಎಂದು ಚೀರಿದೆ.

"ಅಯ್ಯಯ್ಯೋ! ಅಪ್ಪಾ! ಯಾವುದೋ ದೆವ್ವ ನಿನ್ನ ತಲೆ ಬೋಳಿಸ್ತಾ ಐತಲ್ಲಪ್ಪಾ!" ಎಂದು ಆ ಆಕಾರವೂ ಚೀರಿತು.

ಬೀಡಿ ಹಾರಿತು, ತೆಂಗಿನಕಾಯಿ ಉರುಳಿತು, ನೀಲಿ ಡ್ರಮ್ಮು ಮಗುಚಿ ಇಡೀ ಹಿತ್ತಿಲು ಕೆರೆಯಾಯಿತು. ಖಾಲಿ ಕಿಟಕಿಗಳಲ್ಲೆಲ್ಲ ಒಟ್ಟಿಗೆ ಮುಖಗಳು ಮೂಡಿದವು. ಮೋನಿಷಾ ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡಿಬಂದು ಮೊಬೈಲಿನ ಟಾರ್ಚು ಬಿಟ್ಟಳು. ಆ ಬೆಳಕಿನಲ್ಲಿ ನೀರಿನಲ್ಲಿ ಕೂತಿದ್ದ ಪಿಳ್ಳಪ್ಪನವರೂ ಕತ್ತಿ ಹಿಡಿದಿದ್ದ ನಾನೂ ಒಬ್ಬರನ್ನೊಬ್ಬರು ನೋಡಿದೆವು.

"ನೀವಾ?"

"ನೀನಾ?"

"ಈ ಬೋಟಿ ಗೊಜ್ಜು, ಬೀಡಿ ಎಲ್ಲಾ ನಿಮ್ದಾ?"

"ಈ ಹೆಣದ ಬಟ್ಟೆ, ನಿಂಬೆಹಣ್ಣು ಎಲ್ಲಾ ನಿಂದಾ? ಅಪ್ಪನ ಮೇಲೆ ಕತ್ತಿ ಮಸೀತಿದ್ದೀಯಲ್ಲೇ ಪಾಪಿ!"

ಆಗ ಹೊರಬಂತು. ನಮ್ಮಲ್ಲಿ ಹಿರಿಯರು ಹೋದರೆ ಅವರ ಹೆಸರಲ್ಲಿ ಹೊಲದ ಮೂಲೆಯಲ್ಲಿ ಒಂದು ಕಲ್ಲು ನೆಡುತ್ತೇವೆ. ಹಬ್ಬದಲ್ಲಿ ಅದಕ್ಕೇ ಎಡೆ. ಹೊಲ ಬಿಲ್ಡಿಂಗಿಗೆ ಹೋದಾಗ ಉಳಿದವರ ಕಲ್ಲುಗಳೆಲ್ಲ ಸ್ಮಶಾನದ ಮೂಲೆಗೆ ಹೋದವು. ಸತ್ತವರ ಕಲ್ಲು ಕಾಂಪೌಂಡಿನೊಳಕ್ಕೆ ಬರಕೂಡದು ಎಂದು ನಾನು ಅಪ್ಪಣೆ ಮಾಡಿದ್ದೆ. ಪಿಳ್ಳಪ್ಪನವರಿಗೆ ಅಪ್ಪನನ್ನು ಬಿಟ್ಟಿರಲು ಮನಸ್ಸು ಬರಲಿಲ್ಲವಂತೆ. ಗೋಣಿಚೀಲದಲ್ಲಿ ತಂದು, ನನ್ನ ಕಣ್ಣು ತಪ್ಪಿಸಿ ಡ್ರಮ್ಮಿನ ಹಿಂದೆ ನೆಟ್ಟಿದ್ದರು. ನಾನು ಹಾಲಿಗೆ ಹೋದಾಗ ಬಂದು ಮುಡಿಯ ವಿಷಯ ಹೇಳಿ ಕುಂಕುಮ ಇಡುತ್ತಿದ್ದರು, ಅಪ್ಪನಿಗಾಗಿ ಬೀಡಿ ಹಚ್ಚಿಡುತ್ತಿದ್ದರು. ಅವತ್ತು ಮಾತ್ರ ಅಪ್ಪನನ್ನು ಸಮಾಧಾನ ಮಾಡಲು ಮಧ್ಯಾಹ್ನವೇ ಕಾಯಿ ಹಿಡಿದು ಬಂದಿದ್ದರು. ನಾನು ನನ್ನ ಮಾವನ ಬೆನ್ನ ಮೇಲೆ ಮಾವನ ಕತ್ತಿಯನ್ನು ಮಸೆಯುತ್ತಿದ್ದೆ! ಅವರು ಬೆಳಗ್ಗೆ ಬಂದು ನೋಡಿದರೆ ಅಪ್ಪನಿಗೆ ಯಾರೋ ಬಿಳೀ ಬಟ್ಟೆ ಹೊದಿಸಿರುತ್ತಿದ್ದರು. ತೆಗೆದರೆ ಬೂದು ಕಣ್ಣೀರು. ಒಂದು ದಿನ ಬಾಯಿಂದ ಹಾಲು!

"ನೋಡೇ, ಅಪ್ಪ ಎಷ್ಟು ಸವೆದೋಗವ್ರೆ," ಎಂದು ಪಿಳ್ಳಪ್ಪನವರು ಒದ್ದೆ ಕಲ್ಲನ್ನು ಟವೆಲ್ಲಿನಿಂದ ಒರೆಸಿದರು. ಆ ಒರೆಸುವುದನ್ನು ನೋಡಿ ನಾನು ಕತ್ತಿ ಮಡಚಿದೆ.

"ಆಗಿದ್ದಾಯ್ತು. ನನ್ನ ತಪ್ಪು ಅಂತ ಹೇಳ್ಕೋತೀನಿ, ಎಡೆ ಇಡೋಣ. ಶುಕ್ರವಾರ ಮುಡಿ ಮಾಡೋಣ, ಏನಂತೀರ?"

ಯಜಮಾನರು ತಲೆ ಕೆರೆದುಕೊಂಡರು. "ಅದಕ್ಕೊಂದು ತೊಡಕಾಗ್ಬಿಟ್ಟೈತೆ. ಇವತ್ತು ಬೆಳಗ್ಗೆ ಭಯಕ್ಕೆ ಹರಕೆ ಹೊತ್ಬಿಟ್ಟೆ ಕಣೇ."

"ಏನಂತ?"

"ಅಪ್ಪಾ, ನಿನ್ನ ಅಳಿಸ್ತಿರೋರು ಯಾರೇ ಆಗಿರ್ಲಿ, ಹಿಡಿದು ತಂದು ಅವರ ತಲೆ ಬೋಳಿಸಿ ಮುಡೀನ ನಿನ್ನ ಕಲ್ಲಿಗೇ ಕೊಡಿಸ್ತೀನಿ. ಆಮೇಲೇನೇ ಮಗೀಂದು. ಮಗೀಗೆ ಏನೂ ಆಗದಂಗೆ ನೋಡ್ಕೊಳಪ್ಪಾ, ಅಂತ."

ನನ್ನ ಕೈ ತಾನಾಗಿ ನನ್ನ ಕೂದಲಿಗೆ ಹೋಯಿತು.

"ಅತ್ತೆ, ಬೇಡ. ನಾವು ಸಲೂನ್‌ಗೇ ಹೋಗೋಣ," ಎಂದಳು ಮೋನಿಷಾ. ಪಾಪ, ಒಳ್ಳೆಯ ಹುಡುಗಿ. ನನ್ನ ಕಣ್ಣು ತುಂಬಿಬಂತು. ಅಷ್ಟರಲ್ಲಿ ಅವಳೇ ಏನೋ ಹೊಳೆದವಳಂತೆ, "ಆದ್ರೆ ಅತ್ತೆ, ಮೊದಲು ನಿಮ್ಮ ತಲೆ ಮೇಲೆ ಆದ್ರೆ ಕತ್ತಿ ಟೆಸ್ಟೂ ಆಗುತ್ತಲ್ವಾ? ಆಗ ನಂಗೂ ಭಯ ಇರಲ್ಲ!" ಎಂದಳು.

ಮಗು ನನ್ನನ್ನೇ ನೋಡುತ್ತಿತ್ತು. ಅದರ ಕಣ್ಣಿನ ಮೇಲೆ ಬೀಳುತ್ತಿದ್ದ ಹೊಟ್ಟೆಗೂದಲನ್ನು ಹಿಂದಕ್ಕೆ ಸರಿಸಿದೆ. ಹರಕೆ ತಪ್ಪಿ ನಾಳೆ ಇದಕ್ಕೊಂದು ಜ್ವರ ಬಂದರೆ ನನ್ನ ಜಡೆಯನ್ನು ಯಾರಿಗೆ ತೋರಿಸಲಿ?

"ಕ್ಷೌರದ ಶ್ರೀನಿವಾಸ್‌ಗೆ ಬೇಗ ಬರೋಕ್ ಹೇಳಿ," ಎಂದೆ. "ಎರಡು ತಲೆ ಅಂತ ಹೇಳಿ."

ಶುಕ್ರವಾರ ಮಾವನ ಕಲ್ಲನ್ನು ತೊಳೆದು, ಹೂವಿಟ್ಟು, ಎಡೆ ಇಟ್ಟೆವು. ಮೇನ್ ರೋಡಿನಲ್ಲಿ ಅಂಗಡಿ ಇಟ್ಟಿರುವ ಶ್ರೀನಿವಾಸ್ ಕತ್ತಿಯನ್ನು ಹೆಬ್ಬೆರಳ ಉಗುರಿಗೆ ತಾಗಿಸಿ ಹುಬ್ಬೇರಿಸಿದ. "ಯಾರ್ ಮಸೆದ್ರು ಇದನ್ನ?"

"ಕೆಲಸ ನೋಡಪ್ಪಾ," ಎಂದು ಕಣ್ಣುಮುಚ್ಚಿ ಕೂತೆ.

ತಣ್ಣನೆಯ ಅಲಗು ಹಣೆಯಿಂದ ನೆತ್ತಿಗೆ ಏರಿತು. ಎಳೆತವಿಲ್ಲ, ಉರಿಯಿಲ್ಲ, ಮಳೆಹನಿ ಜಾರಿದ ಹಾಗೆ. ಸರ್‌ರ್... ಕತ್ತಿ ತಲೆಯನ್ನು ಬಿಟ್ಟು ಮೇಲೆದ್ದಾಗ ಕೊನೆಯಲ್ಲಿ ಹ್ಞೂಂ ಅಂದಿತು. ಕಲ್ಲು ಅಷ್ಟು ದೂರದಲ್ಲಿತ್ತು! ನನಗೊಬ್ಬಳಿಗೇ ಕೇಳಿಸಿತೇನೋ ಎಂದು ಕಣ್ಣು ಬಿಟ್ಟರೆ ಅಮೃತಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ಅಪ್ಪ..." ಎನ್ನುತ್ತಿದ್ದಳು. ಪಿಳ್ಳಪ್ಪನವರು ಕೈಮುಗಿದಿದ್ದರು. ನನ್ನ ಕೂದಲು ರಾಶಿಯಾಗಿ ಮಡಿಲಿಗೆ ಬಿತ್ತು.

ಆಮೇಲೆ ಮಗು ಸೋದರಮಾವನ ತೊಡೆಯೇರಿತು. ಅಳುತ್ತದೆಂದು ಎಲ್ಲರೂ ಗಿಲಕಿ ಹಿಡಿದು ಸಿದ್ಧವಾಗಿದ್ದರೆ, ಅದು ನನ್ನ ಬೋಳು ತಲೆಯನ್ನು ನೋಡಿ ನೋಡಿ ಕೇಕೆ ಹಾಕಿ ನಗುತ್ತಲೇ ಇತ್ತು. ನಗು ಮುಗಿಯುವಷ್ಟರಲ್ಲಿ ಮುಡಿ ಮುಗಿದಿತ್ತು. ಒಂದು ಗೀರಿಲ್ಲ, ಒಂದು ಹನಿ ರಕ್ತವಿಲ್ಲ. ಮೋನಿಷಾ ಮಗುವಿನ ನೆತ್ತಿ ಸವರಿ, "ಸೂಪರ್ ಅತ್ತೆ!" ಎಂದಳು. ಅಮೃತಮ್ಮ ಕೂಡ, ಹಲ್ಲು ಕೀಳಿಸಿಕೊಂಡವಳ ಹಾಗೆ, "ಪರವಾಗಿಲ್ಲ ಅತ್ತಿಗೆ," ಎಂದುಬಿಟ್ಟಳು.

ಅಷ್ಟು ಸಾಕಾಗಿತ್ತು ನನಗೆ! ಬೋಳು ತಲೆ ಎತ್ತಿ ಮಹಾರಾಣಿಯಂತೆ ಎದ್ದು ನಿಂತೆ. "ಇನ್ನು ಯಾರ ಮನೇಲಿ ಏನೇ ಸೊಟ್ಟ ಇದ್ರೂ ನನ್ನ ಹತ್ರ ಕಳಿಸಿ!" ಎನ್ನುತ್ತಾ ತಲೆ ಸವರಿಕೊಂಡೆ. ಕೈಗೆ ಏನೋ ಸಿಕ್ಕಿತು. ಎಡಗಿವಿಯ ಮೇಲೆ ಒಂದು ಕುಚ್ಚು ಕೂದಲು ಇನ್ನೂ ಹಾಗೇ ನಿಂತಿತ್ತು.

"ಶ್ರೀನಿವಾಸಾ! ಇಲ್ಲಿ ಬಿಟ್ಬಿಟ್ಟಿದ್ದೀಯಲ್ಲೋ! ಕತ್ತಿ ಎಲ್ಲಾದ್ರೂ ಒಂದು ಕಡೆ ಇನ್ನೂ ಸೊಟ್ಟ ಉಳಿದೈತೇನೋ?"

ಅವನು ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ನನ್ನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಕತ್ತಿ ಗೆರೆ ಎಳೆದಂಗೆ ನೆಟ್ಟಗೈತೆ ಅಮ್ಮಾ," ಎಂದ ಬಹಳ ಮರ್ಯಾದೆಯಿಂದ. "ಸೊಟ್ಟ ಇರೋದು ನಿಮ್ಮ ತಲೆ."

ಪಿಳ್ಳಪ್ಪನವರು ಮದುವೆಯಾದಾಗಿನಿಂದ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಅವತ್ತು ಬಿಟ್ಟರು. "ನಾನು ಹೇಳಿದ್ರೆ ಜಗಳಕ್ಕೆ ಬರ್ತಿದ್ದೆ. ಈಗ ಕಸುಬುದಾರರೇ ಹೇಳವ್ರೆ, ಕೇಳಿಸ್ಕೋ!"